ಸುಳ್ಳು ಕಾಲಿಗಿಂತ ಇಲ್ಲದ ಕಾಲು ಮೇಲು

ಅಕ್ಕನ ಮಗಳು ನಾಲ್ಕನೇ ಕ್ಲಾಸು. ಲಕ್ಷ್ಮೀ ನಗರದ ಗಲ್ಲಿಯೊಂದರಲ್ಲಿ ಭಾನುವಾರದ ಡ್ರಾಯಿಂಗ್ ಕ್ಲಾಸಿಗೆ ಹೋಗುತ್ತಾಳೆ. ಹೋಗುತ್ತಿದ್ದಳು ಎನ್ನಬೇಕು. ಮೊನ್ನೆ ಅವಳೊಂದು ಚಿತ್ರ ಬರೆದಳು. ಉರುಟು ಹೊಟ್ಟೆ, ಅದರ ಮೇಲೆ ತಲೆ, ಹೊಟ್ಟೆಯಿಂದ ಎರಡು ಬೆರಳು ದೂರದಲ್ಲಿ ಬಿಳಿ ಗ್ಲೌಸು ಹಾಕಿದ ಎರಡು ಕೈ, ಕೆಳಗೆ ಎರಡು ಬೂಟು. ನಡುವೆ ತೋಳಿಲ್ಲ, ತೊಡೆಯಿಲ್ಲ, ಬರೀ ಗಾಳಿ. ಮೇಷ್ಟ್ರು ಆ ಗಾಳಿಯ ಸುತ್ತ ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತಿ, "ಹಾಥ್ ಕಹಾಂ ಹೈ?" ಎಂದು ಬರೆದು ಕಳಿಸಿದರು. ಅವಳು ಗ್ಲೌಸಿನ ಮೇಲೆ ಬೆರಳಿಟ್ಟು ನನ್ನನ್ನು ಕೇಳಿದಳು: "ಇಲ್ಲೇ ಇದೆಯಲ್ಲ ಮಾಮ?" ಮುಂದಿನ ಭಾನುವಾರ ಅವಳಿಗೆ ಹೊಟ್ಟೆನೋವು. ಅದರ ಮುಂದಿನ ಭಾನುವಾರವೂ.

"ಮೇಷ್ಟ್ರು ಸರಿಯಾಗೇ ಹೇಳಿದಾರೆ ಕಣೋ, ಕೈ ಎಲ್ಲಾದ್ರೂ ಗಾಳೀಲಿ ನಿಲ್ಲತ್ತಾ?" ಎಂದಳು ಅಕ್ಕ. ನಾನು ಒಪ್ಪಲಿಲ್ಲ. ನನ್ನ ಹೊಟ್ಟೆಪಾಡು ನೋಡಿದರೆ ನಾನು ಒಪ್ಪಬೇಕಿತ್ತು. ದಿನಾ ಬೆಳಿಗ್ಗೆ ಲಕ್ಷ್ಮೀ ನಗರದಲ್ಲಿ ಮೆಟ್ರೊ ಹತ್ತಿ, ಯಮುನಾ ಬ್ಯಾಂಕಿನಲ್ಲಿ ಗಾಡಿ ಬದಲಿಸಿ, ನೋಯ್ಡಾಕ್ಕೆ ಹೋಗಿ ನಾನು ಮಾಡುವ ಕೆಲಸ ಗೇಮ್ ಪಾತ್ರಗಳಿಗೆ ಮೂಳೆ ಕೂರಿಸುವುದು. ರಿಗ್ಗಿಂಗ್ ಎನ್ನುತ್ತಾರೆ. ಭುಜ, ಮೊಣಕೈ, ಮಣಿಕಟ್ಟು, ಮಂಡಿ, ಇವೇ ನನಗೆ ಅನ್ನ. ಕೀಲು ಮಾರಿ ಬದುಕುವವನೇ ಹೇಳುತ್ತಿದ್ದೇನೆ: ಕೀಲಿಲ್ಲದ ಕೈ ತಪ್ಪಲ್ಲ.

ಆ ಚಿತ್ರ ಎಲ್ಲಿಂದ ಬಂತು ಎಂಬುದು ಗೇಮ್ ಆಡಿದವರಿಗೆಲ್ಲ ಗೊತ್ತು. 1995ರಲ್ಲಿ ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ ಹೊರತಂದ, ಮಿಶೆಲ್ ಆನ್ಸೆಲ್ ಸೃಷ್ಟಿಸಿದ ರೇಮನ್‌ಗೆ ತಲೆ, ಮೈ, ಎರಡು ಕೈ, ಎರಡು ಪಾದ ಬಿಟ್ಟರೆ ಬೇರೇನಿಲ್ಲ. ಮುಷ್ಟಿಯನ್ನು ಗರಗರ ತಿರುಗಿಸಿ ಬೀಸಿದರೆ ಅದು ಹಾರಿಹೋಗಿ ಶತ್ರುವಿಗೆ ಬಡಿದು ವಾಪಸು ಬಂದು ತನ್ನ ಜಾಗದಲ್ಲಿ ನಿಲ್ಲುತ್ತದೆ. ತೋಳಿದ್ದಿದ್ದರೆ ಆ ಹೊಡೆತವೇ ಇರುತ್ತಿರಲಿಲ್ಲ. 2006ರ ವೀ ಸ್ಪೋರ್ಟ್ಸ್‌ನಲ್ಲೂ ಗೊಂಬೆಯಂಥ ಆಟಗಾರರ ಕೈಗಳು ತೋಳಿಲ್ಲದೆ ತೇಲುತ್ತಲೇ ಟೆನಿಸ್ ಆಡಿದವು.

ಮೊದಲ ಆರೋಪ ಸೋಮಾರಿತನದ್ದು. ತೋಳು ಬರೆಯುವ ಕಷ್ಟ ತಪ್ಪಿಸಿಕೊಳ್ಳಲು ಹೀಗೆ ಮಾಡುತ್ತಾರಂತೆ. ಉಳಿತಾಯ ಹೌದು. ಆ ಕಾಲದ ಯಂತ್ರಗಳ ಮೆಮೊರಿ ಕಡಿಮೆ. ತೋಳು ಬಾಗುವ ಪ್ರತಿ ಭಂಗಿಗೂ ಹೊಸ ಚಿತ್ರ ಬೇಕು. ತುಂಡುಗಳಾದರೆ ಅದೇ ಕೈಯನ್ನು ಎಲ್ಲಿಗೆ ಬೇಕಾದರೂ ಸರಿಸಬಹುದು. ಆದರೆ ಉಳಿಸಿದ್ದಕ್ಕೆ ಬೇರೆ ಕಡೆ ಬೆಲೆ ತೆರಬೇಕು. ತೋಳಿದ್ದರೆ ಕೈಯ ತಪ್ಪನ್ನು ತೋಳು ಮುಚ್ಚುತ್ತದೆ. ತೋಳಿಲ್ಲದ ಕೈ ಒಂದು ಕ್ಷಣ ತಡವಾದರೂ ದಾರ ಕಿತ್ತ ಬಲೂನಿನಂತೆ ಕಾಣುತ್ತದೆ. ಅದು ಹೋಗುವ ಬಾಗು, ನಿಲ್ಲುವ ಭಾರ ಎಲ್ಲ ಲೆಕ್ಕದಲ್ಲಿರಬೇಕು. ಅಂದರೆ ಬರೆಯುವವನ ತಲೆಯಲ್ಲಿ ತೋಳು ಇರಲೇಬೇಕು. ಪುಕ್ಕಟೆ ಸಿಕ್ಕಿದ ತುಂಡುಗಳನ್ನು ಹಾಗೇ ಹರಡಿ ಗೇಮ್ ಎಂದು ಮಾರುವವರಿದ್ದಾರೆ. ಅವರ ಪರ ನಾನು ವಾದಿಸುವುದಿಲ್ಲ.

ಎರಡನೇ ಆರೋಪ ಇನ್ನೂ ಜೋರು: ಇದು ವಿಕಾರ, ಹೊರಗಿನಿಂದ ಬಂದ ಚಾಳಿ, ನಮ್ಮದಲ್ಲ. ನಮ್ಮದು ಯಾವುದು ಸ್ವಾಮಿ? ರಾಜಸ್ಥಾನದ ಕಠಪುತಲಿಗೆ ಕಾಲೇ ಇಲ್ಲ. ಮರದ ತಲೆ, ಬಟ್ಟೆಯ ಕೈ, ಕೆಳಗೆ ಉದ್ದನೆಯ ಲಂಗ, ಅಷ್ಟೇ. ಗೊಂಬೆ ಕುಣಿಯುವಾಗ ನೋಡುವವನು ಲಂಗದೊಳಗೆ ತಾನೇ ಕಾಲು ಕೂರಿಸಿಕೊಳ್ಳುತ್ತಾನೆ. ಆ ಗೊಂಬೆ ಆಡಿಸುವವರ ಬೀಡು ಇದೇ ದೆಹಲಿಯ ಶಾದಿಪುರದಲ್ಲಿತ್ತು; ಕಠಪುತಲಿ ಕಾಲೊನಿ ಎಂದೇ ಹೆಸರು. 2017ರಲ್ಲಿ ಬುಲ್ಡೋಜರ್ ಬಂದು ಅದನ್ನು ಕೆಡವಿತು. ನಮ್ಮ ಕಡೆಯ ತೊಗಲುಗೊಂಬೆಯನ್ನೇ ನೋಡಿ. ಕೈಕಾಲು ಆಡುವ ಗೊಂಬೆಯಲ್ಲಿ ಕೈ ಬೇರೆಯೇ ತೊಗಲಿನ ತುಂಡು, ಮೈಗೆ ಅದರ ಸಂಬಂಧ ಒಂದು ದಾರದ ಗಂಟು. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು ಎಂದು ನಾವೆಲ್ಲ ಫೋಟೊ ಹಂಚಿಕೊಂಡೆವು. ಅವರು ಜೀವಮಾನವಿಡೀ ಮಾಡಿದ್ದು ತುಂಡುಗಳಿಗೆ ಜೀವ ಕೊಡುವ ಕೆಲಸವನ್ನೇ. ಟಿವಿಯಲ್ಲಿ ಮಕ್ಕಳು ನೋಡುವ ಎಷ್ಟೋ ಕಾರ್ಟೂನುಗಳೂ ಕಂಪ್ಯೂಟರಿನೊಳಗೆ ತುಂಡುಗಳೇ. ಸೇರುವ ಜಾಗವನ್ನು ಮರೆಮಾಡಿರುತ್ತಾರೆ. ರೇಮನ್ ಮರೆಮಾಡಲಿಲ್ಲ.

ವಿಕಾರವೇ ಬೇಕೆಂದರೆ ಮನೆಯಿಂದ ಇಳಿದು ವಿಕಾಸ್ ಮಾರ್ಗಕ್ಕೆ ಬನ್ನಿ. ಸಿಎ ಕೋಚಿಂಗ್‌ನವರ ಹೋರ್ಡಿಂಗ್‌ಗಳ ತುಂಬ ತಲೆಗಳು. ಕೊರಳ ಕೆಳಗೆ ಏನೂ ಇಲ್ಲ, ಒಂದು ರ‍್ಯಾಂಕಿನ ನಂಬರು. ಆ ತಲೆಗಳ ಮೈ ಯಾವ ಪಿಜಿಯ ಕಿಟಕಿಯಿಲ್ಲದ ರೂಮಿನಲ್ಲಿ ಮಲಗಿತ್ತು, ಏನು ತಿಂದಿತ್ತು ಎಂದು ಯಾರೂ ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತಿ ಕೇಳುವುದಿಲ್ಲ.

ಇನ್ನು ಪೂರ್ತಿ ಮೈ ಕೊಡುತ್ತೇವೆ ಎಂದು ಹೊರಟವರ ಕಥೆ. ವಿಆರ್ ಹೆಡ್‌ಸೆಟ್ ಹಾಕಿಕೊಂಡಾಗ ಯಂತ್ರಕ್ಕೆ ಸರಿಯಾಗಿ ಗೊತ್ತಿರುವುದು ಮೂರೇ: ನಿಮ್ಮ ತಲೆ ಎಲ್ಲಿದೆ, ಎರಡು ಕೈ ಎಲ್ಲಿವೆ. ಮೊಣಕೈ ಎಲ್ಲಿದೆ ಎಂಬುದು ಅದರ ಊಹೆ. ಊಹೆ ತಪ್ಪಿದಾಗ ನಿಮ್ಮದೇ ತೋಳು ಬೇರೆಯವರದ್ದೆನಿಸುತ್ತದೆ. ಅದಕ್ಕೇ 2016ರ ಜಾಬ್ ಸಿಮ್ಯುಲೇಟರ್ ಎಂಬ ಗೇಮಿನಲ್ಲಿ ನಿಮಗೆ ಕಾಣುವುದು ನಿಮ್ಮ ಎರಡು ಕೈ ಮಾತ್ರ. ಗೊತ್ತಿದ್ದಷ್ಟನ್ನೇ ತೋರಿಸಿದರು. 2022ರ ಅಕ್ಟೋಬರಿನಲ್ಲಿ ಮೆಟಾ ಕಂಪನಿ ತನ್ನ ವಿಆರ್ ಅವತಾರಗಳಿಗೆ ಕಾಲು ಬರುತ್ತದೆ ಎಂದು ಘೋಷಿಸಿತು. ಜುಕರ್‌ಬರ್ಗ್ ಅವರ ಅವತಾರ ಕಾಲೆತ್ತಿ ಜಿಗಿದು ತೋರಿಸಿತು. ಆ ಕುಣಿತವನ್ನು ಮೋಷನ್ ಕ್ಯಾಪ್ಚರ್‌ನಿಂದ ಬೇರೆಯೇ ತಯಾರಿಸಿದ್ದು ಎಂದು ಕೆಲವೇ ದಿನಗಳಲ್ಲಿ ಕಂಪನಿಯೇ ಹೇಳಬೇಕಾಯಿತು. ಕಾಲು ಜನರ ಕೈಗೆ ಸಿಕ್ಕಿದ್ದು ಮರುವರ್ಷ. ನನ್ನ ವಾದ ಇಷ್ಟೇ: ಸುಳ್ಳು ಕಾಲಿಗಿಂತ ಇಲ್ಲದ ಕಾಲು ಮೇಲು.

ಮೇಷ್ಟ್ರ ಪರವಾಗಿ ಒಂದು ಮಾತು ಹೇಳಲೇಬೇಕು. ಮೊಣಕೈ ಬರೆಯಲು ಮಕ್ಕಳು ಕಲಿಯಲಿ. ಬಿಡುವುದಕ್ಕೂ ಅದು ಏನೆಂದು ಗೊತ್ತಿರಬೇಕು. ಹಾಗಾದರೆ "ತೋಳಿರುವಂಥದ್ದೂ ಒಂದು ಬರೆ" ಎಂದಿದ್ದರೆ ಸಾಕಿತ್ತು. ಅವರು ಕೇಳಿದ್ದು ಕೈ ಎಲ್ಲಿ ಎಂದು. ಕಣ್ಣೆದುರಿಗೇ ಇರುವುದನ್ನು ಇಲ್ಲ ಎಂದರೆ ಮಗು ಚಿತ್ರ ತಿದ್ದುವುದಿಲ್ಲ, ಪೆನ್ಸಿಲ್ ಕೆಳಗಿಡುತ್ತದೆ.

ಮೇಷ್ಟ್ರನ್ನು ಇಷ್ಟು ಬೈದ ಮೇಲೆ ನಮ್ಮ ಮನೆಯ ಕೆಂಪು ಪೆನ್ನಿನ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಅದೇ ಹುಡುಗಿ ಹಾಸನಕ್ಕೆ ಫೋನ್ ಮಾಡಿ, "ಅಜ್ಜಿ, ರಜೆ ನಾನು ಊರು ಬರ್ತೀನಿ" ಎನ್ನುತ್ತಾಳೆ. "ರಜೆಗೆ ಅನ್ನು, ಊರಿಗೆ ಅನ್ನು" ಎಂದು ಪಕ್ಕದಿಂದ ಅಕ್ಕ. ವಿಭಕ್ತಿ ಪ್ರತ್ಯಯವಿಲ್ಲದ ಆ ಮಾತುಗಳು ತೋಳಿಲ್ಲದ ಕೈಗಳ ಹಾಗೆಯೇ ಅಲ್ಲವೇ? ನಾವು ದೊಡ್ಡವರು ಮಾತ್ರ ಏನು ಆಡುತ್ತೇವೆ? "ನೀರು ಕೊಡು" ಎನ್ನುತ್ತೇವೆ. ಮನೆಯಲ್ಲಿ "ನೀರನ್ನು ಕೊಡು" ಎಂದವರನ್ನು ನಾನಂತೂ ಕಂಡಿಲ್ಲ. ನಮ್ಮ ಬಾಯಲ್ಲಿ ಬಿದ್ದ ಪ್ರತ್ಯಯ ರೂಢಿ, ದೆಹಲಿಯಲ್ಲಿ ಹುಟ್ಟಿದ ಮಗುವಿನ ಬಾಯಲ್ಲಿ ಬಿದ್ದದ್ದು ಅಪರಾಧ. ವ್ಯಾಕರಣ ಒಪ್ಪುವ ಬಿಡುವಿಕೆ ಬೇರೆ, ಒಪ್ಪದ್ದು ಬೇರೆ ಎಂದು ನನಗೂ ಗೊತ್ತು. ಆದರೆ ಅಜ್ಜಿಗೆ ಅದು ಯಾವುದೂ ಬೇಕಿರಲಿಲ್ಲ. "ಬಾ ಪುಟ್ಟಿ, ಹಲಸಿನ ಹಣ್ಣು ಇಟ್ಟಿರ್ತೀನಿ" ಎಂದು ಅವರು ಆಗಲೇ ಉತ್ತರ ಕೊಟ್ಟಿದ್ದರು. ಅಕ್ಕ ಮೂರನೇ ಸಲ ತಿದ್ದುವಷ್ಟರಲ್ಲಿ ಹುಡುಗಿ "ಬಾಯ್ ಅಜ್ಜಿ" ಎಂದು ಫೋನು ಅಮ್ಮನ ಕೈಗೆ ಕೊಟ್ಟು ಎದ್ದುಹೋದಳು.

ಆಮೇಲೆ ಎಷ್ಟೋ ಹೊತ್ತು ಅಕ್ಕ ಶುದ್ಧ ಕನ್ನಡದಲ್ಲಿ, ಎಲ್ಲ ಪ್ರತ್ಯಯಗಳ ಸಮೇತ, ಮಗಳು ಕನ್ನಡ ಮಾತಾಡುವುದೇ ಇಲ್ಲ ಎಂದು ಅಮ್ಮನ ಹತ್ತಿರ ದೂರು ಹೇಳುತ್ತಿದ್ದಳು.