ಕುಂಚವೂ ಪಾನಪಾತ್ರೆಯೂ

ಈಚಿನ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಹೊಸ ಬಗೆಯ ಸಂಜೆಕೂಟವೊಂದು ರೂಢಿಗೆ ಬಂದಿದೆ. ಶುಲ್ಕ ತೆತ್ತವರಿಗೆ ಒಂದು ಕ್ಯಾನ್‌ವಾಸ್, ನಾಲ್ಕಾರು ಬಣ್ಣ, ಎರಡು ಕುಂಚ, ಒಂದು ಲೋಟ ವೈನ್. ಕಲಾವಿದರೊಬ್ಬರು ಮುಂದೆ ನಿಂತು ಚಿತ್ರವೊಂದನ್ನು ಹಂತಹಂತವಾಗಿ ಬರೆದು ತೋರಿಸುತ್ತಾರೆ. ಕುಳಿತವರು ಹಾಗೆಯೇ ಬರೆಯುತ್ತಾರೆ. ಈ ಪದ್ಧತಿ ಅಮೆರಿಕದ ದಕ್ಷಿಣ ಸಂಸ್ಥಾನಗಳಿಂದ ಹಬ್ಬಿದ್ದು. 2005ರ ಕತ್ರೀನಾ ಚಂಡಮಾರುತದಿಂದ ನೊಂದ ಲೂಯಿಸಿಯಾನದಲ್ಲಿ 2007ರಲ್ಲಿ ಇಂಥದೊಂದು ಸಂಸ್ಥೆ ತೆರೆಯಿತು. ಇಲ್ಲಿನ ಕೂಟವೊಂದಕ್ಕೆ ನಾನೂ ಹೋಗಿದ್ದೆ.

ಮದ್ಯದ ಸನ್ನಿಧಿಯಲ್ಲಿ ಕಲೆ ಕೆಡುತ್ತದೆಂದು ಮೂಗು ಮುರಿಯುವವರುಂಟು. ವಾತ್ಸ್ಯಾಯನನು ವರ್ಣಿಸುವ ನಾಗರಿಕನ ಕೋಣೆಯಲ್ಲಿ ಗೂಟಕ್ಕೆ ತೂಗುಹಾಕಿದ ವೀಣೆಯೊಡನೆ ಚಿತ್ರಫಲಕವೂ ಇದೆ, ಕುಂಚಗಳ ಪೆಟ್ಟಿಗೆಯೂ ಇದೆ. ಅವನ ವಿನೋದಗಳಲ್ಲಿ ಸಮಾಪಾನಕವೂ ಒಂದು. ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನಕ್ಕೆ ಸ್ಥಾನವಿತ್ತ ಕಾವ್ಯಪರಂಪರೆ ನಮ್ಮದು. ತರಗತಿಯಲ್ಲಿ ಆ ಭಾಗ ಬಂದಾಗ ನಾವು ಬೇಗನೆ ಹಾಳೆ ಮಗುಚುತ್ತೇವೆ, ಆ ಮಾತು ಬೇರೆ.

ಇದೆಲ್ಲ ಬರಿಯ ನಕಲು ಎಂಬ ಆಕ್ಷೇಪವೂ ನಿಲ್ಲುವುದಿಲ್ಲ. ಅಂದಿನ ಮಾದರಿ ವಾನ್ ಗೋನ ನಕ್ಷತ್ರಗಳ ರಾತ್ರಿ. 1889ರಲ್ಲಿ ಸೇಂಟ್ ರೆಮಿಯ ಮನೋರೋಗ ಚಿಕಿತ್ಸಾಲಯದಲ್ಲಿದ್ದಾಗ ಅವನು ಬರೆದ ಚಿತ್ರವದು. ಅಲ್ಲಿಯೇ ಅವನು ಮಿಲೆಯ ಚಿತ್ರಗಳ ಕಪ್ಪು-ಬಿಳುಪು ಮುದ್ರಣಗಳನ್ನು ಎದುರಿಗಿಟ್ಟುಕೊಂಡು ಸುಮಾರು 20 ನಕಲುಗಳನ್ನು ಮಾಡಿದ. ಬಣ್ಣ ಮಾತ್ರ ಅವನದೇ. ನಮ್ಮ ಗಾಯಕರು ತ್ಯಾಗರಾಜರ ಕೃತಿಯನ್ನು ಹಾಡಿದರೆ ನಕಲೆನ್ನುವವರಾರು? ಆದರೆ ಗಾಯಕನಿಗಿರುವ ಸ್ವಾತಂತ್ರ್ಯ ಈ ಕೂಟದಲ್ಲಿಲ್ಲ. ನನ್ನ ಪಕ್ಕದಲ್ಲಿದ್ದ ಮಹಿಳೆಯೊಬ್ಬರು ಸೈಪ್ರೆಸ್ ಮರವಿರಬೇಕಾದಲ್ಲಿ ತೆಂಗಿನ ಮರವನ್ನು ಬರೆದರು. ಕಲಾವಿದರು ಒಡನೆಯೇ ಬಂದು ತಿದ್ದಿಬಿಟ್ಟರು. ಅಂದು ಆ ಕೋಣೆಯಲ್ಲಿ ಹುಟ್ಟಿದ ಒಂದೇ ಸ್ವಂತ ಚಿತ್ರ ಅದಾಗಿತ್ತೆಂದು ನನ್ನ ಎಣಿಕೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಕುಂಚ ಹಿಡಿದೊಡನೆ ಅಲ್ಲಿದ್ದವರಲ್ಲಿ ಬಹುಮಂದಿ ಕ್ಷಮೆ ಕೇಳತೊಡಗಿದರು: ‘ನನಗೆ ಚಿತ್ರ ಬರುವುದಿಲ್ಲ.’ ಓದಿದವರು, ದೊಡ್ಡ ಉದ್ಯೋಗದಲ್ಲಿರುವವರು. ಬಿಳಿಯ ಬಟ್ಟೆಯ ಮೇಲೆ ಒಂದು ಗೆರೆ ಎಳೆಯಲು ಅಂಜುತ್ತಾರೆ. ವೈನ್ ಬೇಕಾದದ್ದು ಅಮಲಿಗಲ್ಲ, ಈ ಅಂಜಿಕೆಯನ್ನು ನೀಗಲು. ಇದ್ದಿಲು ಸಿಕ್ಕಿದ ಮಗು ಗೋಡೆಯ ಮೇಲೆ ಗೀಚುವಾಗ ಯಾರ ಅಪ್ಪಣೆಯನ್ನೂ ಬೇಡುವುದಿಲ್ಲ. ಮಲೆನಾಡಿನ ದೀವರ ಹೆಂಗಸರು ಮದುವೆಯ ಮನೆಯಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಬಿಳುಪಿನಿಂದ, ಪುಂಡಿನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಾರೆ. ಕೂಡಿ ಬರೆಯುವ ಸುಖ ನಮಗೆ ಹೊಸದಲ್ಲ. ಕಳೆದುಕೊಂಡದ್ದು ಧೈರ್ಯವನ್ನು, ಕಳೆದದ್ದು ನಮ್ಮ ಶಾಲೆಗಳಲ್ಲಿ. ಪರೀಕ್ಷೆ ಸಮೀಪಿಸಿತೆಂದರೆ ಚಿತ್ರಕಲೆಯ ಅವಧಿ ಗಣಿತಕ್ಕೆ ಸಲ್ಲುತ್ತದೆ. ಪದವಿಪೂರ್ವ ತರಗತಿಗೆ ಬರುವ ಹೊತ್ತಿಗೆ ರೇಖೆ ಉಳಿಯುವುದು ಜೀವಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ, ಅದೂ ಅಂಕಕ್ಕಾಗಿ.

ಕಾಲೇಜುಗಳಲ್ಲಿ ವಾರಕ್ಕೊಂದು ಸಂಜೆ ಕೊಠಡಿಯೊಂದನ್ನು ತೆರೆದು, ಕಾಗದ ಬಣ್ಣಗಳನ್ನಿಟ್ಟು, ತಿದ್ದುವವರನ್ನು ಹೊರಗೆ ನಿಲ್ಲಿಸಿ ನೋಡಬಹುದು. ವೈನಿನ ಬದಲು ಕಾಫಿ ಸಾಕಾದೀತು.