ಮಗುವಿನ ಜ್ವರಕ್ಕೆ ರಜೆಯ ಕಾಲಂ ಇಲ್ಲ

“ಮಕ್ಕಳಿಬ್ಬರೂ ಮಲಗಿದ್ದಾರೆ ಅಂದ್ರೆ ಊರಿಗೆ ಕಳಿಸಿಬಿಡಬಾರದೇ? ಇಲ್ಲಿ ಅಜ್ಜಿ ಇದ್ದಾರೆ, ಚಿಕ್ಕಮ್ಮ ಇದ್ದಾಳೆ.” ಮುಂಬಯಿಯಲ್ಲಿ ಸಂಸಾರ ಹೂಡಿದ ಕನ್ನಡಿಗರಲ್ಲಿ ಊರಿನ ಫೋನಿನಿಂದ ಈ ಮಾತು ಕೇಳದವರು ಕಡಿಮೆ. ಹೇಳುವವರದು ಕೆಟ್ಟ ಮನಸ್ಸಲ್ಲ, ಒಪ್ಪಿದೆ. ಆದರೆ ಇದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: “ತಾಯಿಯಾದವಳು ದುಡಿಯೋಕೆ ಹೋದ್ರೆ ಹೀಗೇ ಆಗೋದು.” ನನ್ನ ತಕರಾರು ಇರುವುದು ಈ ಎರಡನೆಯ ಮಾತಿನ ಮೇಲೆ.

ಮೊದಲನೆಯದಕ್ಕೆ ಉತ್ತರ ಸುಲಭ. ಮೈತುಂಬ ಗುಳ್ಳೆ ಎದ್ದ ಮಗುವನ್ನು ಎತ್ತಿಕೊಂಡು ಕುರ್ಲಾದಲ್ಲಿ ಮತ್ಸ್ಯಗಂಧ ಹತ್ತಲು ಆಗುವುದಿಲ್ಲ. ಸಾಂಕ್ರಾಮಿಕ ರೋಗ ಇರುವವರು ಅನುಮತಿಯಿಲ್ಲದೆ ರೈಲು ಹತ್ತಬಾರದು ಎಂದು 1989ರ ರೈಲ್ವೆ ಕಾಯ್ದೆಯೇ ಹೇಳುತ್ತದೆ. ಕಾಯ್ದೆ ಇರಲಿ, ಬೋಗಿಯಲ್ಲಿರುವ ಬೇರೆಯವರ ಮಕ್ಕಳ ಗತಿ? ಇನ್ನು ಅಜ್ಜಿಯನ್ನೇ ಇಲ್ಲಿಗೆ ಕರೆಸುವುದು. ಅಜ್ಜಿಯ ಮೊಣಕಾಲು, ಸಕ್ಕರೆ ಕಾಯಿಲೆ, ಡೊಂಬಿವಲಿಯ ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿ ಇವೆಲ್ಲ ಫೋನಿನಲ್ಲಿ ಕಾಣುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಸೀತಾಳೆ ಸಿಡುಬು, ಅಂದರೆ ಇಲ್ಲಿನವರ ಬಾಯಲ್ಲಿ ‘ಕಾಂಜಿಣ್ಯಾ’, ನಮ್ಮ ಹಳೆಯವರ ಬಾಯಲ್ಲಿ ‘ಅಮ್ಮ’, ಒಂದು ಮನೆಗೆ ಬಂದರೆ ಎಲ್ಲರನ್ನೂ ಒಟ್ಟಿಗೆ ಹಿಡಿಯುವುದಿಲ್ಲ. ದೊಡ್ಡ ಮಗುವಿಗೆ ಬಂದು ಸುಮಾರು ಎರಡು ವಾರಕ್ಕೆ ಚಿಕ್ಕದಕ್ಕೆ ಕಾಣಿಸಿಕೊಳ್ಳುತ್ತದೆ. ಮೂರನೆಯದಿದ್ದರೆ ಎರಡನೆಯದರ ಜೊತೆಗೋ, ಇನ್ನೂ ಎರಡು ವಾರ ಬಿಟ್ಟೋ. ಗುಳ್ಳೆಗಳೆಲ್ಲ ಹಕ್ಕಳೆ ಕಟ್ಟುವ ತನಕ ಶಾಲೆ ಸೇರಿಸುವುದಿಲ್ಲ, ಪಾಳಣಾಘರದವರೂ (ಮಕ್ಕಳನ್ನು ನೋಡಿಕೊಳ್ಳುವ ಮನೆಗೆ ಇಲ್ಲಿ ಹಾಗೆನ್ನುತ್ತಾರೆ) ಬಾಗಿಲಲ್ಲೇ ವಾಪಸು ಕಳಿಸುತ್ತಾರೆ. ಒಂದು ಕೋಣೆ, ಒಂದು ಅಡಿಗೆಮನೆಯ ಸಂಸಾರದಲ್ಲಿ ಒಂದು ಮಗುವನ್ನು ಬೇರೆ ಇಡುವುದಾದರೂ ಎಲ್ಲಿ? ಹೀಗೆ ಇಬ್ಬರು ಮಕ್ಕಳೆಂದರೆ ಮೂರು ವಾರಕ್ಕೆ ಮೋಸವಿಲ್ಲ. ಇದಕ್ಕೆ ಲಸಿಕೆ ಇದೆ, ಆದರೆ ಸರ್ಕಾರದ ಉಚಿತ ಪಟ್ಟಿಯಲ್ಲಿಲ್ಲ; ಖಾಸಗಿ ಡಾಕ್ಟರ ಹತ್ತಿರ ದುಡ್ಡು ಕೊಟ್ಟು ಹಾಕಿಸಬೇಕು.

ಈ ಮೂರು ವಾರವನ್ನು ಯಾವ ಖಾತೆಗೆ ಬರೆಯಬೇಕು? ನಾನು ಬ್ಯಾಂಕಿನವನು, ಶಾಖೆಯಲ್ಲಿ ವರ್ಷಗಟ್ಟಲೆ ರಜೆ ಅರ್ಜಿಗೆ ಸಹಿ ಹಾಕಿದವನು. ನಮ್ಮಲ್ಲಿ ಸಿ.ಎಲ್. ವರ್ಷಕ್ಕೆ 12, ಅದೂ ಒಮ್ಮೆಗೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಪಿ.ಎಲ್.ಗೆ ಮುಂಚಿತವಾಗಿ ಅರ್ಜಿ ಕೊಡಬೇಕು. ಸಿಡುಬು ಮುಂಚಿತವಾಗಿ ಅರ್ಜಿ ಕೊಟ್ಟು ಬರುವುದಿಲ್ಲ. ಉಳಿದದ್ದು ಸಿಕ್ ಲೀವ್, ಆಗ ಅದು ಇದ್ದದ್ದು ನೌಕರನ ಸ್ವಂತ ಕಾಯಿಲೆಗೆ. ಹಾಗಾಗಿ ಏನಾಗುತ್ತಿತ್ತು ಗೊತ್ತೇ? ಕಲ್ಯಾಣದಿಂದ ಬರುತ್ತಿದ್ದ ಗುಮಾಸ್ತೆಯೊಬ್ಬರು ಎರಡು ಮಕ್ಕಳಿಗೂ ಕಾಂಜಿಣ್ಯಾ ಆದಾಗ ತಮಗೇ ‘ವೈರಲ್ ಜ್ವರ’ ಎಂದು ಡಾಕ್ಟರ ಸರ್ಟಿಫಿಕೇಟು ತಂದರು. “ಸರ್, ನಿಜ ಬರೆದ್ರೆ ರಜೆ ಸಿಗಲ್ವಲ್ಲ” ಎಂದರು. ನಾನು ಸಹಿ ಹಾಕಿದೆ. ಇವತ್ತು ತಂದರೂ ಹಾಕುತ್ತೇನೆ. ಒಂದು ಪೈಸೆ ಹೆಚ್ಚು ಕಡಿಮೆಯಾದರೆ ರಾತ್ರಿ ಒಂಬತ್ತರ ತನಕ ಕೂತು ಹುಡುಕುವ ಹೆಂಗಸು ಆಕೆ. ಅಂಥವಳ ಕೈಯಲ್ಲಿ ಸುಳ್ಳು ಬರೆಸಿದ್ದು ನಿಯಮ.

ನಿಯಮ ಎಲ್ಲ ಕಡೆ ಹಾಗೇ ಇದೆ ಎಂದಲ್ಲ. ಕೇಂದ್ರ ಸರ್ಕಾರ ತನ್ನ ಮಹಿಳಾ ನೌಕರರಿಗೆ 2008ರಲ್ಲಿ ಸೇವಾವಧಿಗೆ 730 ದಿನಗಳ ಶಿಶುಪಾಲನಾ ರಜೆ ಕೊಟ್ಟಿತು. ಮಹಾರಾಷ್ಟ್ರ 2018ರಲ್ಲಿ, ನಮ್ಮ ಕರ್ನಾಟಕ 2021ರಲ್ಲಿ ತಂತಮ್ಮ ನೌಕರರಿಗೆ 180 ದಿನ ಕೊಟ್ಟವು. ಒಳ್ಳೆಯದೇ. ಆದರೆ ಇದರ ಅರ್ಥ ಏನಾಯಿತು? ಮಂತ್ರಾಲಯದ ಗುಮಾಸ್ತೆಯ ಮಗುವಿಗೆ ಬಂದದ್ದು ಜ್ವರ, ಅಂಧೇರಿಯ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವವಳ ಮಗುವಿಗೆ ಬಂದದ್ದು ಅವಳ ಖಾಸಗಿ ತಾಪತ್ರಯ. ಮಹಾರಾಷ್ಟ್ರದ 2017ರ ಅಂಗಡಿ ಕಾಯ್ದೆಯಲ್ಲಿ ಸಾಂದರ್ಭಿಕ ರಜೆ ವರ್ಷಕ್ಕೆ ಎಂಟು ದಿನ, ಅದೂ ಕಾಯ್ದೆ ಬಂದಾಗ ಹತ್ತು ಜನ ಇದ್ದ ಕಡೆ. ಇ.ಎಸ್.ಐ. ಯೋಜನೆ ಮಗುವಿಗೆ ಔಷಧಿ ಕೊಡುತ್ತದೆ, ಆದರೆ ಕಾಯಿಲೆಯ ಭತ್ಯೆ ಕೆಲಸಗಾರ ತಾನೇ ಮಲಗಿದರೆ ಮಾತ್ರ. ಹೆರಿಗೆ ರಜೆ 2017ರಲ್ಲಿ 26 ವಾರಕ್ಕೆ ಏರಿತು. ಆರು ತಿಂಗಳಾದ ಮೇಲೆ ಮಗು ಕಾಯಿಲೆ ಬೀಳುವುದೇ ಇಲ್ಲ ಎಂದು ಲೆಕ್ಕವೋ ಏನೋ!

ಇನ್ನೊಂದು ತಮಾಷೆ. ಕೇಂದ್ರದ ಆ ರಜೆ ಗಂಡಸರಿಗೂ ಬಂತು, ಆದರೆ ಹೆಂಡತಿ ಇಲ್ಲದವನಿಗೆ, ಒಂಟಿ ತಂದೆಗೆ ಮಾತ್ರ. ಹೆಂಡತಿ ಇದ್ದರೆ ಮಕ್ಕಳ ಹಣೆಗೆ ಒದ್ದೆ ಬಟ್ಟೆ ಹಾಕುವುದು ಅವಳ ಕೆಲಸ ಎಂದು ಸರ್ಕಾರವೇ ಬರೆದಿಟ್ಟ ಹಾಗಾಯಿತು. ಊರವರು ಫೋನಿನಲ್ಲಿ ಹೇಳುವುದೂ ಅದನ್ನೇ ಅಲ್ಲವೇ?

ನನ್ನಂಥವರ ಕಷ್ಟ ಇಷ್ಟೇ: ಸುಳ್ಳು ಸರ್ಟಿಫಿಕೇಟು, ಸಂಬಳ ಕಡಿತ, ನಿದ್ದೆಗೆಟ್ಟ ರಾತ್ರಿ. ಅದಕ್ಕಿಂತ ಕೆಳಗೆ ಏನಾಗುತ್ತದೆ ಎಂದು ನೋಡಬೇಕಾದರೆ ಹಾರ್ಬರ್ ಲೈನಿನಲ್ಲಿ ಗೋವಂಡಿಗೆ ಹೋಗಬೇಕು. 2022ರ ಅಕ್ಟೋಬರ್ ಕೊನೆಯ ವಾರ ದೇವನಾರ್ ಕಸದ ಗುಡ್ಡದ ಪಕ್ಕದ ರಫಿನಗರದಲ್ಲಿ ಒಂದೇ ಕುಟುಂಬದ ಮೂರು ಮಕ್ಕಳು 48 ಗಂಟೆಯೊಳಗೆ ತೀರಿಕೊಂಡರು. ದಡಾರದ ಶಂಕೆ, ಇಲ್ಲಿ ಅದಕ್ಕೆ ‘ಗೋವರ್’ ಎನ್ನುತ್ತಾರೆ. ನವೆಂಬರಿನಲ್ಲಿ ಕೇಂದ್ರದ ತಜ್ಞರ ತಂಡ ಬಂತು, ಚಿಂಚ್‌ಪೋಕ್ಲಿಯ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮಕ್ಕಳು ತುಂಬಿದರು. ದಡಾರ ಸಿಡುಬಿಗಿಂತ ಕ್ರೂರಿ. ಲಸಿಕೆಯಾಗದ ಹತ್ತು ಮಂದಿ ರೋಗಿಯ ಹತ್ತಿರ ಇದ್ದರೆ ಒಂಬತ್ತು ಮಂದಿಗೆ ತಗಲುತ್ತದೆ.

ಆಗ ಲೋಕಲ್ ಟ್ರೇನಿನಲ್ಲೂ ನಮ್ಮವರ ಕೂಟಗಳಲ್ಲೂ ಕೇಳಿದ ತೀರ್ಪು ಒಂದೇ: “ಆ ಜನ ಲಸಿಕೆ ಹಾಕಿಸೋದೇ ಇಲ್ಲ ಮಾರಾಯ್ರೆ.” ಲಸಿಕೆ ಬೇಕು, ಒಂಬತ್ತು ತಿಂಗಳಿಗೊಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು, ಅದರಲ್ಲಿ ಎರಡು ಮಾತಿಲ್ಲ. ಹೆದರಿ ಹಾಕಿಸದವರೂ ಇದ್ದರು, ಕೋವಿಡ್ ವರ್ಷಗಳಲ್ಲಿ ತಪ್ಪಿಹೋದವರೂ ಇದ್ದರು. ಆದರೆ ದಿನಗೂಲಿಯವಳಿಗೆ ಲಸಿಕೆಯ ದಿನವೆಂದರೆ ಒಂದು ದಿನದ ಕೂಲಿ ಹೋದಂತೆ. ಮಕ್ಕಳು ಮಲಗಿದ ಮೇಲೋ, ಒಂದನ್ನು ಎತ್ತಿಕೊಂಡು ಕುರ್ಲಾದಲ್ಲಿ ಗಾಡಿ ಬದಲಿಸಿ ಚಿಂಚ್‌ಪೋಕ್ಲಿಗೆ ಹೋದರೆ ಖೋಲಿಯಲ್ಲಿ ಉಳಿದ ಎರಡಕ್ಕೆ ನೀರು ಕೊಡುವವರು ಯಾರು? ಗಂಡ ಕೂಲಿ ಬಿಟ್ಟರೆ ಆ ರಾತ್ರಿ ಒಲೆ ಹಚ್ಚುವುದು ಹೇಗೆ? ಕಲಬುರ್ಗಿ, ಯಾದಗಿರಿ, ವಿಜಯಪುರದಿಂದ ಬಂದು ಬೆಳಿಗ್ಗೆ ನಾಕಾದಲ್ಲಿ ಗುದ್ದಲಿ ಹಿಡಿದು ನಿಲ್ಲುವ ನಮ್ಮವರ ಕತೆಯೂ ಇದೇ. ಅವರನ್ನು ‘ಆ ಜನ’ ಎನ್ನುವಾಗ ನಾಲಿಗೆ ಸ್ವಲ್ಪ ತಡೆಯಬೇಕು.

“ರಜೆ ಕೊಟ್ಟರೆ ದುರುಪಯೋಗ ಮಾಡ್ತಾರೆ” ಎನ್ನುವ ಮಾಲೀಕರಿಗೆ ನನ್ನ ಉತ್ತರ: ಸುಳ್ಳು ಚೀಟಿ ಈಗಲೇ ಬರುತ್ತಿದೆ, ಅದರ ಸಂಬಳ ನೀವು ಈಗಲೇ ಕೊಡುತ್ತಿದ್ದೀರಿ. ಮಗುವಿನ ಹೆಸರಲ್ಲೇ ಚೀಟಿ ತರಲಿ, ವರ್ಷಕ್ಕೆ ಹತ್ತು ದಿನ, ತಾಯಿಗೂ ಉಂಟು ತಂದೆಗೂ ಉಂಟು ಎಂದು ಬರೆಯಿರಿ. ಕೂಲಿಯವರಿಗಾದರೆ, ಮಗು ಆಸ್ಪತ್ರೆಯಲ್ಲಿರುವಷ್ಟು ದಿನ ತಂದೆ ತಾಯಿಯಲ್ಲಿ ಒಬ್ಬರ ಕೂಲಿಯನ್ನು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕೊಡಲಿ. ಮಂಡಳಿ ಮುಂಬಯಿಯಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ, ಅದಕ್ಕೆಂದು ಸೆಸ್ ವಸೂಲಿಯೂ ನಡೆಯುತ್ತಿದೆ.

ಊರಲ್ಲಿರುವ ನಿಮಗೆ ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಅಂಗಡಿ ಕಾಯ್ದೆ ತಿದ್ದುವುದು ಆಯಾ ರಾಜ್ಯದ ಕೈಯಲ್ಲಿದೆ. ಕರ್ನಾಟಕದ್ದು 1961ರದು. ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವವಳೂ ಯಾರದೋ ಸೊಸೆ, ಅವಳಿಗೂ ಎರಡು ಮಕ್ಕಳಿವೆ, ಅವಳ ಅತ್ತೆಯೂ ದೂರದ ಹಳ್ಳಿಯಲ್ಲಿದ್ದಾರೆ. ಮುಂದಿನ ಸಲ ಶಾಸಕರು ಮದುವೆಮನೆಯಲ್ಲಿ ಸಿಕ್ಕಾಗ ರಸ್ತೆಯ ಜೊತೆಗೆ ಈ ಹತ್ತು ದಿನವನ್ನೂ ಕೇಳಿ.