ಏರು ಎಷ್ಟು ಕಡಿದು?

ಅಫಜಲಪುರ ತಾಲ್ಲೂಕಿನ ಕರಜಗಿಯ ಸುತ್ತ ಕಣ್ಣು ಹಾಯಿಸಿದಷ್ಟೂ ಬಯಲು. ಅಲ್ಲಿಯ ಮಕ್ಕಳು ಮಲೆನಾಡಿಗೆ ಪ್ರವಾಸ ಹೋಗಿ ಆಗುಂಬೆ ಘಾಟಿ ಇಳಿದರೆ ಬೆರಗಾಗುವುದು ಸಹಜ. ಒಂದರ ಕೆಳಗೊಂದು 14 ಹೇರ್‌ಪಿನ್ ತಿರುವುಗಳು! ರಸ್ತೆಯನ್ನು ನೇರವಾಗಿ ಏಕೆ ಹಾಕಲಿಲ್ಲ?

ಏರನ್ನು ಅಳೆಯುವ ಲೆಕ್ಕ ಸುಲಭ. 50 ಮೀಟರ್ ಮುಂದೆ ಸಾಗುವಷ್ಟರಲ್ಲಿ 1 ಮೀಟರ್ ಮೇಲೇರಿದರೆ ಅದು '50ಕ್ಕೆ 1'; ಅಂದರೆ ಶೇ 2. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ರೈಲುಮಾರ್ಗದ ಏರು ಇಷ್ಟೇ. ಆದರೂ ಎಂಜಿನ್ನಿಗೆ ಅದು ಕಷ್ಟದ ದಾರಿ. ಉಕ್ಕಿನ ಗಾಲಿಗೆ ಉಕ್ಕಿನ ಹಳಿಯ ಮೇಲೆ ಹಿಡಿತ ಕಡಿಮೆ. ರಬ್ಬರ್ ಟೈರಿಗೆ ಹಿಡಿತ ಹೆಚ್ಚು. ನ್ಯೂಜಿಲೆಂಡಿನ ಡುನೆಡಿನ್ ನಗರದ ಬಾಲ್ಡ್‌ವಿನ್ ಬೀದಿಯ ಏರಂತೂ ಸುಮಾರು ಶೇ 35!

ತಿರುವುಗಳ ಗುಟ್ಟು ಇಲ್ಲಿದೆ. ಬೆಟ್ಟದ ಎತ್ತರ ಬದಲಾಗದು. ಆದರೆ ದಾರಿ ಉದ್ದವಾದಷ್ಟೂ ಏರು ತಗ್ಗುತ್ತದೆ.

ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತುತ್ತಿದ್ದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಆದ್ದರಿಂದ ಅನುಭವಿ ಚಾಲಕರು ಏರಲು ಬಳಸುವ ಗೇರಿನಲ್ಲೇ ಇಳಿಯುತ್ತಾರೆ. ಮಕ್ಕಳನ್ನು ಪ್ರವಾಸಕ್ಕೆ ಕಳಿಸುವ ಪಾಲಕರು, ಚಾಲಕನಿಗೆ ಘಾಟಿಯ ಅನುಭವ ಉಂಟೇ ಎಂದು ಮೊದಲೇ ವಿಚಾರಿಸುವುದು ಒಳಿತು.